ಗುಂಡಿಮಗ್ಗದಲ್ಲಿ ಮೂರು ವರ್ಷ ಇಟ್ಟ ವೈನ್

ಕೊಯಮತ್ತೂರಿನ ಕುರಿಚಿಯ ಒಂದು ಫೌಂಡ್ರಿಯಲ್ಲಿ ನಾನು ಎರಕದ ಸಾಮಾನುಗಳ ಗುಣಮಟ್ಟ ನೋಡುವ ಇಂಜಿನಿಯರ್ ಆಗಿದ್ದೆ. ಹಗಲೆಲ್ಲ ಪಂಪಿನ ಬಾಡಿಗಳನ್ನು ಸುತ್ತಿಗೆಯಿಂದ ಬಡಿದು, ಸದ್ದು ಕೇಳಿ, ಒಳಗೆ ಬಿರುಕಿದೆಯೋ ಇಲ್ಲವೋ ಹೇಳುವುದು ಕೆಲಸ. ಸಂಜೆಯಾದರೆ ನಾನು ವೈನ್ ರಸಿಕ. ದಾವಣಗೆರೆಯಿಂದ ಬಂದ ಬ್ರಹ್ಮಚಾರಿಗೆ ಈ ಹುಚ್ಚು ಎಲ್ಲಿಂದ ಹತ್ತಿತು ಎಂದು ಗೆಳೆಯರು ಕೇಳುತ್ತಿದ್ದರು. ಬೆಂಗಳೂರಿನ ಹಳೇ ಪುಸ್ತಕದಂಗಡಿಯಲ್ಲಿ ಕೊಂಡ ಒಂದು ದಪ್ಪನೆಯ ಇಂಗ್ಲಿಷ್ ಪುಸ್ತಕದಿಂದ ಹತ್ತಿತು. ವೈನನ್ನು ಹೇಗೆ ನೋಡಬೇಕು, ಹೇಗೆ ಮೂಸಬೇಕು, ಬಾಯಲ್ಲಿ ಹೇಗೆ ಹೊರಳಿಸಬೇಕು ಎಂದು ಅದರಲ್ಲಿ ನಾನೂರು ಪುಟ ಇತ್ತು. ಬರೆದವರಿಗೆ ಕುಡಿಯಲು ಏನಾದರೂ ಸಿಗುತ್ತಿತ್ತು, ನನಗೆ ಸಿಗುತ್ತಿರಲಿಲ್ಲ.

ಎರಡು ಸಾವಿರದ ಇಸವಿ ದಾಟಿ ಮೂರು ನಾಲ್ಕು ವರ್ಷವಾಗಿದ್ದ ಕಾಲ ಅದು. ಕೊಯಮತ್ತೂರಿನ ಸರ್ಕಾರಿ ಮದ್ಯದಂಗಡಿಗೆ ಹೋಗಿ, ಕಬ್ಬಿಣದ ಸರಳುಗಳ ಆಚೆ ನಿಂತವನನ್ನು ಒಮ್ಮೆ ಡ್ರೈ ರೆಡ್ ವೈನ್ ಇದೆಯಾ ಎಂದು ಕೇಳಿದ್ದೆ. ಅವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಒಂದು ಕ್ವಾರ್ಟರ್ ಬ್ರಾಂಡಿ ಮುಂದೆ ತಳ್ಳಿ, ಇದೂ ಕೆಂಪೇ ಸಾರ್ ಎಂದು ತಮಿಳಿನಲ್ಲಿ ಸಮಾಧಾನ ಹೇಳಿದ. ಹಿಂದಿದ್ದ ಸಾಲು ಗೊಣಗತೊಡಗಿತು. ಅಂದಿನಿಂದ ಬೆಂಗಳೂರಿಗೆ ಹೋದಾಗಲೆಲ್ಲ ಎರಡು ಬಾಟಲಿ ತಂದು, ಲುಂಗಿಯಲ್ಲಿ ಸುತ್ತಿ ಟ್ರಂಕಿನಲ್ಲಿ ಇಡುವುದು ಶುರುವಾಯಿತು.

ತಾರಸಿಯ ಮೇಲೆ, ಸ್ಟೀಲ್ ಲೋಟದಲ್ಲಿ, ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಕುಡಿಯುತ್ತಿದ್ದೆ. ಬಣ್ಣ ನೋಡಲು ಲೋಟವನ್ನು ಬೆಳಕಿಗೆ ಹಿಡಿಯಬೇಕು ಎಂದು ಪುಸ್ತಕ ಹೇಳುತ್ತಿತ್ತು. ಹಿಡಿದರೆ ನನ್ನ ಮುಖವೇ ಕಾಣುತ್ತಿತ್ತು. ವೈನಿನಲ್ಲಿ ಕಪ್ಪು ಕರಂಟ್ ಹಣ್ಣಿನ ವಾಸನೆ ಇರುತ್ತದೆ ಎಂದಿದ್ದರು. ಆ ಹಣ್ಣನ್ನು ಜನ್ಮದಲ್ಲಿ ಕಂಡವನಲ್ಲ, ನೇರಳೆ ಎಂದು ತಿದ್ದಿಕೊಂಡೆ. ಚರ್ಮದ ವಾಸನೆ ಎಂದಿದ್ದರು. ಚಪ್ಪಲಿ ಅಂಗಡಿಯಲ್ಲಿ ಒಂದೊಂದೇ ಚಪ್ಪಲಿ ಎತ್ತಿ ಮೂಸಿ, ಯಾವುದನ್ನೂ ಕೊಳ್ಳದೆ ಬಂದೆ. ಒದ್ದೆ ಸುಣ್ಣಕಲ್ಲಿನ ರುಚಿ ಎಂದು ಓದಿದ ಭಾನುವಾರ ಬಸ್ಸು ಹತ್ತಿ ಸುಣ್ಣಕಲ್ಲಿನ ಗಣಿಯಿರುವ ಮದುಕ್ಕರೈಗೇ ಹೋದೆ. ಗಣಿಯ ಬೇಲಿಯ ಹೊರಗೆ ಬಿದ್ದಿದ್ದ ಕಲ್ಲೊಂದಕ್ಕೆ ಬಾಟಲಿಯ ನೀರು ಹಾಕಿ ನೆಕ್ಕಿದೆ. ಕಾವಲುಗಾರ ಓಡಿ ಬಂದು, ನಾನು ತಮಿಳಿನಲ್ಲಿ ಕೊಟ್ಟ ವಿವರಣೆ ಪೂರ್ತಿ ಕೇಳಿ, ಕುಡಿಯಲು ತನ್ನ ಮಜ್ಜಿಗೆ ಕೊಟ್ಟ. ನಾನು ನೋಟ್‌ಬುಕ್ಕಿನಲ್ಲಿ ಮಾತ್ರ ಗಂಭೀರವಾಗಿ ಬರೆಯುತ್ತಿದ್ದೆ: ನೇರಳೆ, ಚರ್ಮ, ಸುಣ್ಣಕಲ್ಲು, ಉತ್ತಮ.

ಎಲ್ಲವೂ ಉತ್ತಮವೇ. ಅಲ್ಲೇ ಇದ್ದದ್ದು ನನ್ನ ಸಂಕಟ. ವೈನ್ ಬಲ್ಲ ಒಬ್ಬ ಮನುಷ್ಯನ ಜೊತೆಗೂ ನಾನು ಕುಡಿದಿರಲಿಲ್ಲ. ನನ್ನ ನಾಲಿಗೆಗೆ ತಿಳಿಯುತ್ತಿದೆಯೋ ಅಥವಾ ಪುಸ್ತಕ ಹೇಳಿದ್ದನ್ನು ಬಾಯಿ ಚಪ್ಪರಿಸಿ ಒಪ್ಪುತ್ತಿದ್ದೇನೋ ಗೊತ್ತಿರಲಿಲ್ಲ. ಬಲ್ಲವರೊಬ್ಬರು ಎದುರು ಕೂತು, ಅದೇ ಬಾಟಲಿಯಿಂದ ಕುಡಿದು, ಹೌದು, ನೀನು ಹೇಳಿದ್ದು ಸರಿ ಎಂದು ಒಂದು ಸಲ ಹೇಳಿದರೆ ಸಾಕಿತ್ತು.

ಅಂಥವರೊಬ್ಬರು ಸಿಕ್ಕರು. ನಮ್ಮ ಫೌಂಡ್ರಿಯಿಂದ ಎರಕ ಕೊಳ್ಳುತ್ತಿದ್ದ ಇಟಲಿಯವರು. ಮೊದಲ ಸಲ ಸರಕು ತಪಾಸಣೆಗೆ ಬಂದಾಗ ನನ್ನ ಹುಚ್ಚಿನ ಸುದ್ದಿ ಯಾರೋ ಅವರ ಕಿವಿಗೆ ಹಾಕಿದ್ದರು. ಎರಡನೇ ಸಲ ಬಂದಾಗ ತಮ್ಮ ಊರಿನ ಕಡೆಯ ಒಂದು ಕೆಂಪು ವೈನ್ ತಂದು ಕೈಗಿಟ್ಟರು. "ಈಗಲೇ ಕುಡಿಯಬೇಡಿ. ತಂಪಾದ ಕತ್ತಲ ಜಾಗದಲ್ಲಿ ಮೂರು ವರ್ಷ ಮಲಗಿಸಿಡಿ, ಬಿರಡೆ ಒಣಗಿ ಗಾಳಿ ಹೋದರೆ ಕೆಡುತ್ತದೆ. ಅಲುಗಾಡಿಸಬೇಡಿ. ಆಮೇಲೆ ನಾನು ಬರುತ್ತೇನೆ, ಇಬ್ಬರೂ ಕುಡಿಯೋಣ" ಎಂದರು.

ಕೊಯಮತ್ತೂರಿನಲ್ಲಿ ತಂಪಾದ ಕತ್ತಲು ಎಲ್ಲಿಂದ ತರುವುದು? ನಾನು ಬಾಡಿಗೆಗಿದ್ದದ್ದು ಕನ್ನಡ ಮಾತಾಡುವ ನೇಕಾರರ ಮನೆಯ ಮಾಳಿಗೆಯಲ್ಲಿ. ಎಷ್ಟೋ ತಲೆಮಾರಿನ ಹಿಂದೆ ಬಂದು ನೆಲೆಸಿದವರು. ಮನೆಯೊಳಗೆ ತಮಿಳು ಬೆರೆತ ಕನ್ನಡ, ಹೊಸಿಲು ದಾಟಿದರೆ ತಮಿಳು. ಮನೆಯಲ್ಲಿದ್ದದ್ದು ಮೂವರು: ನೇಯುವ ಅಣ್ಣ, ಅವರ ಹೆಂಡತಿ, ಅವರ ತಾಯಿ. ಆ ತಾಯಿಯನ್ನು ನಾನು ಅಜ್ಜಿ ಎನ್ನುತ್ತಿದ್ದೆ. ಅವರಿಗೆಲ್ಲ ನಾನು ತಂಬಿ, ಅಂದರೆ ತಮ್ಮ. ಕೆಳಗಿನ ಕೋಣೆಯಲ್ಲಿ ಗುಂಡಿಮಗ್ಗವಿತ್ತು. ನೇಕಾರ ನೆಲದ ಮಟ್ಟದಲ್ಲಿ ಕೂತು ಕಾಲನ್ನು ಗುಂಡಿಗೆ ಇಳಿಬಿಟ್ಟು ತುಳಿಯುವ ಮಗ್ಗ. ನೂಲು ಒಣಗಿ ಕಡಿಯದಿರಲೆಂದು ಆ ಕೋಣೆಗೆ ಬಿಸಿಲು, ಗಾಳಿ ಬಿಡುತ್ತಿರಲಿಲ್ಲ. ಗುಂಡಿಗೆ ಕೈ ಇಳಿಬಿಟ್ಟು ನೋಡಿದೆ. ತಂಪು, ಕತ್ತಲು, ಹದವಾದ ತೇವ. ಪುಸ್ತಕದ ನೆಲಮಾಳಿಗೆಯೇ ಅಲ್ಲಿತ್ತು.

"ಒಳಗೆ ಏನು ತಂಬಿ ಇರೋದು?" ಎಂದು ಅಣ್ಣ ಬಾಟಲಿ ತಿರುಗಿಸಿ ನೋಡಿದರು.

"ದ್ರಾಕ್ಷಿ ರಸ ಅಣ್ಣ. ಸುಳ್ಳು ಹೇಳಲ್ಲ, ಕುಡಿದ್ರೆ ಸ್ವಲ್ಪ ಮತ್ತು ಬರುತ್ತೆ."

ಅವರು ಬಾಟಲಿಯನ್ನು ನನ್ನ ಕೈಗೇ ಕೊಟ್ಟರು. "ಇಡೋದು ಪರವಾಯಿಲ್ಲೆ. ಕುಡಿಯೋದು ಮಾತ್ರ ಮನೆ ಒಳಗೆ ಬೇಡ. ಮೇಲೆ ಹೋಗಿ ಏನಾದ್ರೂ ಮಾಡ್ಕೊ."

ಗುಂಡಿಯ ಗೋಡೆಯಲ್ಲಿದ್ದ ಪುಟ್ಟ ಗೂಡಿನಲ್ಲಿ ಬಾಟಲಿ ಮಲಗಿಸಿ ಬಂದೆ. ಅಣ್ಣ ದಿನಕ್ಕೆ ಹತ್ತು ತಾಸು ಅದರ ಪಕ್ಕದಲ್ಲೇ ದಡಬಡ ತುಳಿಯುತ್ತಾರೆ ಎನ್ನುವುದು ನನ್ನ ತಲೆಗೆ ಬರಲೇ ಇಲ್ಲ. ಅಲುಗಾಡಿಸಬೇಡಿ ಎಂದಿದ್ದರಲ್ಲ, ಅದಕ್ಕೆ ಮೂರು ವರ್ಷ ನಾನು ಆ ಕಡೆ ತಲೆ ಹಾಕಲಿಲ್ಲ. ನನ್ನ ಸಂಯಮದ ಬಗ್ಗೆ ನನಗೇ ಹೆಮ್ಮೆಯಿತ್ತು.

ಮೂರನೇ ವರ್ಷ ಇಟಲಿಯವರು ಬಂದದ್ದು ಸರಿಯಾಗಿ ಆಯುಧಪೂಜೆಯ ದಿನ. ಆ ಸಂಜೆ ಏಳಕ್ಕೆ ಅವರ ಮುಂಬೈ ವಿಮಾನ. ಬೆಳಿಗ್ಗೆ ಫೌಂಡ್ರಿಗೆ ಬಂದರೆ ಕುಲುಮೆ ಆರಿಸಿ ಬಾಳೆಕಂಬ ಕಟ್ಟಿದ್ದೆವು. ಅವರು ಎರಕ ಅಳೆಯಲು ವರ್ನಿಯರ್ ಕೇಳಿದರು. ವರ್ನಿಯರ್, ಗೇಜು, ಮೈಕ್ರೋಮೀಟರ್ ಎಲ್ಲ ಗಂಧ ಕುಂಕುಮ ಹಚ್ಚಿಸಿಕೊಂಡು ಪೂಜೆಯಲ್ಲಿ ಕೂತಿದ್ದವು. ನಾಳೆ ವಿಜಯದಶಮಿ ಬೆಳಿಗ್ಗೆಯವರೆಗೆ ಯಾರೂ ಮುಟ್ಟುವಂತಿಲ್ಲ ಎಂದು ಮೇಸ್ತ್ರಿ ಕೈಮುಗಿದು ಹೇಳಿದರು. ಸಾವಿರಾರು ಮೈಲಿ ದೂರದಿಂದ ಅಳೆಯಲೆಂದೇ ಬಂದ ಮನುಷ್ಯ, ಕೈಗೆ ಬಂದ ಕಡ್ಲೆಪುರಿ ತಿಂದು ಸುಮ್ಮನಾದರು. ಪಾಪ ಎನ್ನಿಸಿತು, ಆದರೆ ಒಳಗೊಳಗೇ ಖುಷಿಯೂ ಆಯಿತು. ಮಧ್ಯಾಹ್ನ ಪೂರ್ತಿ ಅವರು ಬಿಡುವಾಗಿ ಸಿಕ್ಕರಲ್ಲ.

ಬೆಂಗಳೂರಿನಿಂದ ತಂದಿಟ್ಟಿದ್ದ ಎರಡು ಗಾಜಿನ ಲೋಟ ತೊಳೆದು ತಾರಸಿಯಲ್ಲಿ ಇಟ್ಟು, ಅವರನ್ನು ಕೆಳಗೆ ಮಗ್ಗದ ಕೋಣೆಗೆ ಕರೆದೊಯ್ದೆ. ಮಗ್ಗದ ಎದುರು ಮಣೆಯ ಮೇಲೆ ಲಾಳಿ, ಹಣಿಗೆ, ಕತ್ತರಿ ಸಾಲಾಗಿ ಕೂತಿದ್ದವು. ನಡುವೆ, ವಿಭೂತಿಯ ಮೂರು ಪಟ್ಟೆ ಬಳಿದುಕೊಂಡು, ಕೊರಳಿಗೆ ಚೆಂಡುಹೂವಿನ ಸರ ಹಾಕಿಕೊಂಡು, ನೆಟ್ಟಗೆ ನಿಂತಿತ್ತು ನಮ್ಮ ವೈನ್.

ಇಟಲಿಯವರು ತಮ್ಮ ಗೌರವಕ್ಕೆಂದೇ ಹೀಗೆ ಮಾಡಿದ್ದಾರೆ ಎಂದುಕೊಂಡು ಅಜ್ಜಿಗೆ ಬಗ್ಗಿ ನಮಸ್ಕರಿಸಿದರು. ನಾನು ಬಾಟಲಿಗೆ ಕೈ ಚಾಚಿದೆ. ಅಜ್ಜಿ ಕೈ ಅಡ್ಡ ಹಿಡಿದರು.

"ನಾಳೆ ಕಾಲೈಲಿ ತಗೋ ತಂಬಿ."

"ಬೆಳಿಗ್ಗೆವರೆಗೂ ಯಾಕೆ ಅಜ್ಜಿ? ಇದು ಮಗ್ಗದ ಸಾಮಾನಲ್ಲ. ಕುಡಿಯೋದು."

"ಮಗ್ಗದ ಒಳಗೆ ಮೂರು ವರ್ಷ ಇರೋದು ಮಗ್ಗದ್ದಲ್ಲದೆ ಯಾರದ್ದು? ವರ್ಷಾ ವರ್ಷಾ ಪೂಜೆ ಮಾಡ್ಕೊಂಡು ಬಂದಿದೀನಿ. ಹಬ್ಬಕ್ಕೆ ನೀನು ಊರಿಗೆ ಹೋಗಿಬಿಡ್ತೀಯ, ನಿನ್ನ ಸಾಮಾನು ನಾನು ಬಿಟ್ಟುಬಿಡಲಾ?"

"ಇವರಿಗೆ ಸಂಜೆ ವಿಮಾನ ಅಜ್ಜಿ. ಮತ್ತೆ ಯಾವಾಗ ಬರ್ತಾರೋ ಗೊತ್ತಿಲ್ಲ."

"ನನ್ನ ಮಗನೇ ಇವತ್ತು ಲಾಳಿ ಮುಟ್ಟಲ್ಲ. ನಿನ್ನ ಸಾಮಾನು ಅದಕ್ಕಿಂತ ರೊಂಬ ದೊಡ್ಡದಾ?"

ಅಣ್ಣನ ಮುಖ ನೋಡಿದೆ. ಅವರು ಸೂರು ನೋಡುತ್ತಿದ್ದರು. ನನಗೆ ಸಿಟ್ಟು ನೆತ್ತಿಗೇರಿತು. ಐದು ವರ್ಷ ಕಲ್ಲು ನೆಕ್ಕಿ, ಚಪ್ಪಲಿ ಮೂಸಿ ಕಾದವನು ನಾನು. ಬಲ್ಲವರು ಬಂದು ಎದುರಲ್ಲೇ ನಿಂತಿದ್ದಾರೆ, ವೈನ್ ಒಂದು ಮೊಳ ದೂರದಲ್ಲಿದೆ, ನಡುವೆ ಚೆಂಡುಹೂವಿನ ಸರ. ಇಟಲಿಯವರಿಗೆ ವಿಷಯ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದೆ. "ಬೆಳಿಗ್ಗೆ ವರ್ನಿಯರ್, ಈಗ ಇದು" ಎಂದು ಅವರು ನಕ್ಕು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ಅಣ್ಣನ ಹೆಂಡತಿ ಕಡಲೆ ಉಸಲಿ ಕೊಟ್ಟರು, ಇವರು ಎರಡು ಸಲ ಹಾಕಿಸಿಕೊಂಡರು. ಹೊರಡುವ ಮುನ್ನ ಕೈ ಹಿಂದೆ ಕಟ್ಟಿಕೊಂಡು ಬಗ್ಗಿ, ಬಾಟಲಿಯ ಬಾಯಲ್ಲಿದ್ದ ಬಿರಡೆಯನ್ನು ಬಹಳ ಹೊತ್ತು ನೋಡಿದರು. "ನಾಳೆ ಮುಂಬೈಗೆ ಫೋನ್ ಮಾಡಿ, ಹೇಗಿತ್ತು ಹೇಳಿ" ಎಂದಷ್ಟೇ ಹೇಳಿ ಕಾರು ಹತ್ತಿದರು.

ಮರುದಿನ ಬೆಳಿಗ್ಗೆ ಆರೂವರೆಗೆ ಅಜ್ಜಿ ಮೆಟ್ಟಿಲ ಬುಡದಲ್ಲಿ ನಿಂತು ಕರೆದರು. ಅಣ್ಣ ಮಗ್ಗದಲ್ಲಿ ಕೂತು ನಾಲ್ಕು ಎಳೆ ನೇಯ್ದು ಕೆಲಸ ಶುರುಮಾಡಿದ್ದರು. ಈಗ ನನ್ನ ಸರದಿ. ವಿಜಯದಶಮಿಯಂದು ಪೂಜೆಯ ಸಾಮಾನು ಹಿಡಿದು ಅಲ್ಲೇ ಮೊದಲ ಕೆಲಸ ಮಾಡಬೇಕು, ಇಲ್ಲದಿದ್ದರೆ ವರ್ಷವಿಡೀ ಕೆಲಸ ಕೈ ಹತ್ತುವುದಿಲ್ಲ ಎಂದು ಅಜ್ಜಿ ಹೇಳಿದರು. ಮನೆಯೊಳಗೆ ಕುಡಿಯಬಾರದು ಎಂದು ಅಣ್ಣನ ಮಾತಿದೆಯಲ್ಲ ಎಂದೆ. "ಇದು ಕುಡಿಯೋದಲ್ಲ, ತೊಡಗೋದು" ಎಂದು ಅಜ್ಜಿ ತೀರ್ಪು ಕೊಟ್ಟರು.

ಹೀಗೆ ನಾನು ಕಾಫಿಗೂ ಮೊದಲು, ಬರಿಹೊಟ್ಟೆಯಲ್ಲಿ, ಸ್ನಾನ ಮಾಡಿ ಪೂರ್ವಕ್ಕೆ ಮುಖ ಮಾಡಿ ಕೂತು ವೈನ್ ಬಾಟಲಿ ತೆಗೆದೆ. ಮೂವರೂ ಕಣ್ಣು ಪಿಳುಕಿಸದೆ ನೋಡುತ್ತಿದ್ದರು. ಒಣಗಿದ್ದ ಬಿರಡೆ ಪುಡಿಪುಡಿಯಾಗಿ ಬಂತು. ಮೊದಲ ವರ್ಷದ ಪೂಜೆಯಾದಂದಿನಿಂದ, ಪೂಜೆ ಮಾಡಿದ್ದನ್ನು ಮಲಗಿಸಬಾರದೆಂದು ಬಾಟಲಿಯನ್ನು ಗೂಡಿನಲ್ಲಿ ನಿಲ್ಲಿಸಿಯೇ ಇಟ್ಟಿದ್ದಾಗಿ ಅಜ್ಜಿ ಆಗ ಹೇಳಿದರು. ನಾನು ಒಂದು ಗುಟುಕು ಬಾಯಿಗೆ ಹಾಕಿಕೊಂಡೆ.

ಪುಸ್ತಕ ಬೇಕಾಗಲಿಲ್ಲ. ನಾಲಿಗೆ ತಾನಾಗಿಯೇ ಮಡಚಿಕೊಂಡಿತು. ಕೆಟ್ಟಿತ್ತು, ಹುಳಿ ಹಿಡಿದು ಕೈಬಿಟ್ಟು ಹೋಗಿತ್ತು. ಅದು ನನಗೆ ಗೊತ್ತಾಯಿತು, ಯಾರೂ ಹೇಳದೆ ಗೊತ್ತಾಯಿತು. ಉತ್ತಮ ಎಂದು ಹೇಳಿದ್ದರೂ ಆ ಮನೆಯಲ್ಲಿ ನನ್ನನ್ನು ಹಿಡಿಯುವವರಿರಲಿಲ್ಲ. "ಕೆಟ್ಟಿದೆ ಅಜ್ಜಿ" ಎಂದೆ. ಹೇಳುವಾಗ ಸಂತೋಷದಿಂದ ನನಗೆ ನಗು ತಡೆಯಲಾಗಲಿಲ್ಲ.

ಒಂಬತ್ತು ಗಂಟೆಗೆ ಮುಂಬೈಗೆ ಫೋನ್ ಮಾಡಿ ಅದನ್ನೇ ಹೇಳಿದೆ. "ಬಿರಡೆ ನೋಡಿದಾಗಲೇ ನನಗೆ ಗೊತ್ತಾಗಿತ್ತು" ಎಂದರು. "ನೀವು ಹೇಳುತ್ತೀರೋ ಇಲ್ಲವೋ ಎಂದು ಕಾಯುತ್ತಿದ್ದೆ. ನೀವು ಹೇಳಿದ್ದು ಸರಿ."

ಫೋನಿಟ್ಟು ಕೆಳಗೆ ಬಂದು, ಅವರೂ ಒಪ್ಪಿದರು ಎಂದು ಎಲ್ಲರಿಗೂ ಹೇಳಿದೆ. ಅಜ್ಜಿ ಉಳಿದ ವೈನನ್ನು ದಾಸವಾಳದ ಬುಡಕ್ಕೆ ಸುರಿದು, ಬಾಟಲಿ ತೊಳೆಯುತ್ತಿದ್ದರು.

"ಕೆಟ್ಟು ಹೋಗಿದ್ದಕ್ಕೆ ಇಷ್ಟು ಸಂತೋಷವಾ ತಂಬಿ? ಚೆನ್ನಾಗಿದ್ದಿದ್ರೆ?"

"ಚೆನ್ನಾಗಿದ್ದಿದ್ರೆ ನನಗೆ ಗೊತ್ತಾಗ್ತಿತ್ತೋ ಇಲ್ಲವೋ ಅಜ್ಜಿ" ಎಂದು, ಬಾಟಲಿ ಒರೆಸಲು ಬಟ್ಟೆ ತೆಗೆದುಕೊಂಡೆ.