ಕಂಡಕ್ಟರ್ ಮಲ್ಲಿಕಾಳ ಕಳ್ಳಿ ಹೂ

ಕಲಬುರಗಿಯಿಂದ ಕಮಲಾಪುರಕ್ಕೆ ದಿನಾ ಬಸ್ಸಿನಲ್ಲಿ ಓಡಾಡುವವರಿಗೆ ಕಂಡಕ್ಟರ್ ಮಲ್ಲಿಕಾಳ ಬಾಯಿಯ ಪರಿಚಯ ಚೆನ್ನಾಗಿಯೇ ಇದೆ. ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವವರು, ಆಧಾರ್ ಕಾರ್ಡು ಮನೆಯಲ್ಲಿ ಮರೆತು ಬಂದು ತಾವೇ ಜಗಳ ತೆಗೆಯುವವರು, ಬಾಗಿಲಲ್ಲಿ ನಿಂತು ಮೀಸೆ ತಿರುವುವವರು, ಎಲ್ಲರೂ ಒಂದಲ್ಲ ಒಂದು ಸಲ ಅವಳಿಂದ ಉಗಿಸಿಕೊಂಡವರೇ. ಹದಿನೆಂಟು ವರ್ಷದ ಸರ್ವೀಸು, ಗಂಟಲು ಇನ್ನೂ ಕಂಚಿನಂತಿದೆ. ಅಂಥ ಹೆಂಗಸು ಕಲಬುರಗಿಯ ಖೂಬಾ ಪ್ಲಾಟ್ ಬಡಾವಣೆಯ ತನ್ನ ಮನೆಗೆ ಬಂದು, ಚಪ್ಪಲಿ ಕಳಚಿ, ಸೀದಾ ಮಾಳಿಗೆ ಹತ್ತಿ, ಮುಷ್ಟಿಗಾತ್ರದ ಮುಳ್ಳಿನ ಉಂಡೆಯೊಂದರ ಮುಂದೆ ಕುಕ್ಕರುಗಾಲಲ್ಲಿ ಕೂತು "ಹೆಂಗದೀಯವ್ವಾ?" ಎಂದು ಮೆಲ್ಲಗೆ ಕೇಳುತ್ತಾಳೆಂದರೆ ಯಾರು ನಂಬುತ್ತಾರೆ? ನಂಬಲೇಬೇಕು, ದಿನಾ ಕೇಳುತ್ತಿದ್ದಳು.

ಈ ಹುಚ್ಚು ಹತ್ತಿಸಿದವಳು ಮದಿಹಾ ಟೀಚರ್. ಕಮಲಾಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಈಕೆ ಅದೇ ಬಸ್ಸಿನ ಖಾಯಂ ಪ್ರಯಾಣಿಕಳು. ಮೂರು ವರ್ಷದ ಹಿಂದೆ ಒಂದು ದಿನ ಮಡಿಲಲ್ಲಿ ಮೊಸರಿನ ಡಬ್ಬಿ ಇಟ್ಟುಕೊಂಡು ಕೂತಿದ್ದಳು. ಡಬ್ಬಿಯಲ್ಲಿ ಮೊಸರಿರಲಿಲ್ಲ, ಮಣ್ಣಿತ್ತು. ಮಣ್ಣಿನ ಮೇಲೆ ಲಿಂಬೆಹಣ್ಣಿನಷ್ಟು ಕಳ್ಳಿ, ಅದರ ನೆತ್ತಿಯಲ್ಲಿ ಗುಲಾಬಿ ಬಣ್ಣದ ಹೂ.

"ಪ್ಲಾಸ್ಟಿಕ್ ಹೂವೇನ್ರೀ ಟೀಚರ್?"

"ಖರೇ ಹೂವ ಅದ ಅಕ್ಕಾ. ಮುಟ್ಟಿ ನೋಡ್ರಿ."

ಮಲ್ಲಿಕಾ ಮುಟ್ಟಿದಳು. ಮುಟ್ಟಿದ್ದೇ ತಡ, ಮಹಾಗಾಂವ ಕ್ರಾಸಿನಲ್ಲಿ ಸೀಟಿ ಊದುವುದನ್ನೇ ಮರೆತಳು, ಇಳಿಯುವವರೆಲ್ಲ ಬೊಬ್ಬೆ ಹೊಡೆದರು. ಮುಂದಿನ ವಾರ ಟೀಚರ್ ಆ ಗಿಡದ ಬುಡದಲ್ಲಿದ್ದ ಮರಿಯೊಂದನ್ನು ಬಿಡಿಸಿ ಪೇಪರಿನಲ್ಲಿ ಸುತ್ತಿ ತಂದುಕೊಟ್ಟಳು.

ಅದೊಂದರಿಂದ ಶುರುವಾದದ್ದು ಮೂರು ವರ್ಷದಲ್ಲಿ ಹದಿನಾಲ್ಕು ಕುಂಡಗಳಾಯಿತು. ಉದ್ದನೆಯವು, ದುಂಡನೆಯವು, ಮೈತುಂಬ ಬಿಳಿ ನೂಲು ಸುತ್ತಿಕೊಂಡವು. ಕಿವಿ ಮುರಿದ ಚಹಾ ಕಪ್ಪಿನಲ್ಲೂ ಒಂದು. ದಿನವಿಡೀ ನೂರು ಜನ ನೂರು ಥರ ಅವಳನ್ನು ಕರೆಯುತ್ತಾರೆ, ಕೇಳುತ್ತಾರೆ, ಬೈಯುತ್ತಾರೆ. ಮಾಳಿಗೆಯ ಮೇಲಿನ ಆ ಅರ್ಧ ಗಂಟೆ ಮಾತ್ರ ಅವಳನ್ನು ಯಾರೂ ಏನೂ ಕೇಳುವುದಿಲ್ಲ. ಆ ಅರ್ಧ ಗಂಟೆ ಇಲ್ಲದಿದ್ದರೆ ತಾನು ಎಂದೋ ಯಾರಿಗಾದರೂ ಕಪಾಳಕ್ಕೆ ಬಾರಿಸಿ ಸಸ್ಪೆಂಡ್ ಆಗುತ್ತಿದ್ದೆ ಎಂದು ಅವಳೇ ಹೇಳುತ್ತಾಳೆ.

ಆದರೆ ಹೂ? ಒಂದೇ ಒಂದು ಹೂ ಇಲ್ಲ.

ಅತ್ತೆ ಶಂಕ್ರಮ್ಮನಿಗೆ ಇದೇ ಸಿಟ್ಟು. ಎಪ್ಪತ್ತೆರಡರ ಮುದುಕಿ, ಬೆಳಿಗ್ಗೆ ಇಷ್ಟಲಿಂಗದ ಪೂಜೆಯಾಗದೆ ಒಂದು ಗುಟುಕು ಚಹಾ ಸಹ ಮುಟ್ಟದವಳು. "ಮುಳ್ಳಿನ ಗಿಡ ಹೊಲದ ಬದುವಿನ ಮ್ಯಾಲ ಇರೋದು. ಮನ್ಯಾಗ ಇಟ್ಕೊಂಡ್ರ ಜಗಳ ಬಿಡಂಗಿಲ್ಲ," ಎಂದು ಎದ್ದರೆ ಕೂತರೆ ಅನ್ನುತ್ತಿದ್ದಳು.

"ಗಿಡ ಬರೋಕಿಂತ ಮೊದ್ಲು ನಮ್ಮ ಮನ್ಯಾಗ ಭಾಳ ಶಾಂತಿ ಇತ್ತೇನು?" ಎಂದು ಮಲ್ಲಿಕಾಳ ಗಂಡ ಮೌನೇಶ ನಕ್ಕ. ಅತ್ತೆ ಸೊಸೆ ಇಬ್ಬರೂ ಒಟ್ಟಿಗೆ ಅವನನ್ನು ದುರುಗುಟ್ಟಿ ನೋಡಿದರು. ಪಾಪ, ಪೇಪರಿನ ಹಿಂದೆ ಮುಖ ಮರೆಸಿಕೊಂಡ.

ಕಳೆದ ದಸರೆಯಲ್ಲಿ ಶಂಕ್ರಮ್ಮ ಕಡ್ಡಿ ಮುರಿದಂತೆ ಹೇಳಿಬಿಟ್ಟಳು: "ಉಗಾದಿಗೆ ಮನಿಗೆ ಸುಣ್ಣ ಹೊಡೀತಾರ. ಅಷ್ಟರಾಗ ಹೂ ಬಿಟ್ರ ಇರ್ಲಿ, ಮೊದಲನೇ ಹೂ ನನ್ನ ಲಿಂಗಕ್ಕ. ಬಿಡ್ಲಿಲ್ಲಂದ್ರ ಹದಿನಾಲ್ಕೂ ಕಸದ ಗಾಡಿಗೆ."

"ಆಯ್ತು ಬಿಡ್ರಿ!" ಎಂದು ಮಲ್ಲಿಕಾ ಸಿಟ್ಟಿನ ಭರದಲ್ಲಿ ಒಪ್ಪಿಕೊಂಡಳು. ರಾತ್ರಿ ಹಾಸಿಗೆಗೆ ಬಿದ್ದಾಗ ಉಗಾದಿಗೆ ಇನ್ನೆಷ್ಟು ತಿಂಗಳೆಂದು ಬೆರಳು ಮಡಚಿ ಎಣಿಸಿದಳು. ಮಾತು ಕೊಟ್ಟಾಗಿತ್ತು.

ಹದಿನೈದು ದಿನವೂ ಆಗಿರಲಿಲ್ಲ, ನೂಲು ಸುತ್ತಿಕೊಂಡ ಗಿಡ ಬುಡದಲ್ಲಿ ಕಂದಾಗಿ ಪಕ್ಕಕ್ಕೆ ವಾಲಿತು. ಮಲ್ಲಿಕಾಳ ಜೀವ ಬಾಯಿಗೆ ಬಂತು. ಪಾಲಿಥಿನ್ ಚೀಲದಲ್ಲಿ ಹಾಕಿಕೊಂಡು ಬಸ್ಸಿಗೇ ಒಯ್ದಳು. ಟೀಚರ್ ಬೇರು ಬಿಡಿಸಿ, ಮೂಸಿ, ಮುಖ ಕಿವುಚಿದಳು.

"ಅಕ್ಕಾ, ಇದು ನೀರು ಹೆಚ್ಚಾಗಿ ಕೊಳತದ."

"ವಾರಕ್ಕೊಮ್ಮೆ ಹಾಕ್ತೀನ್ರೀ, ಅದೂ ಒಂದು ಲೋಟ!"

"ಇಲ್ರೀ, ದಿನಾ ಯಾರೋ ಹಾಕಾಕತ್ತಾರ. ದಿನಾ ನೀರು ಕುಡಿದ ಕಳ್ಳಿ ಹೂ ಬಿಡೋದಿಲ್ಲ. ದೀಪಾವಳಿಯಿಂದ ಶಿವರಾತ್ರಿತನಕ ಚಳಿ ಬೀಳ್ತದಲ್ಲ, ಅಷ್ಟೂ ದಿನ ನೀರು ಬಂದ್ ಮಾಡ್ಬೇಕು. ಒಣಗಿ ನಿಂತ ಮ್ಯಾಲೇ ಅದಕ್ಕ ಹೂವಿನ ಧ್ಯಾನ ಬರ್ತದ."

ಮನೆಗೆ ಬಂದವಳೇ ಮಲ್ಲಿಕಾ ಕುಂಡಗಳನ್ನೆಲ್ಲ ಕೆದಕಿದಳು, ಎಲ್ಲದರ ಒಳಗೂ ಹಸಿ. ಟೀಚರ್ ಕೊಟ್ಟ ಮೊದಲನೇ ಗಿಡದ ಕುಂಡದಲ್ಲಿ, ಹಸಿ ಮಣ್ಣಿನ ಮೇಲೆ, ಬಿಲ್ವಪತ್ರೆಯ ಒಂದು ಎಲೆ ಸಿಕ್ಕಿತು, ಪಕ್ಕದಲ್ಲೇ ವಿಭೂತಿಯ ಬಿಳಿ ಕಲೆ. ಅತ್ತೆಯ ಪೂಜೆಯ ನೀರು!

ಲಿಂಗಕ್ಕೆ ಮಜ್ಜನ ಮಾಡಿಸಿದ ನೀರನ್ನು ಕಾಲು ತುಳಿಯುವ ಕಡೆ ಚೆಲ್ಲುವಂತಿಲ್ಲ. ಗಿಡದ ಬುಡಕ್ಕೇ ಹಾಕಬೇಕು. ಅಂಗಳಕ್ಕೆಲ್ಲ ಪರಸಿ ಕಲ್ಲು ಹಾಸಿದ ಮೇಲೆ ಆ ಮನೆಯಲ್ಲಿ ಮಣ್ಣು ಅಂತ ಉಳಿದದ್ದು ಮಾಳಿಗೆಯ ಕುಂಡಗಳಲ್ಲಿ ಮಾತ್ರ. ಮಲ್ಲಿಕಾ ಬೆಳಗಿನ ಡ್ಯೂಟಿಗೆ ಹೋದ ಮೇಲೆ ಮುದುಕಿ ಗೋಡೆ ಹಿಡಿದು ಹದಿನೆಂಟು ಮೆಟ್ಟಿಲು ಹತ್ತಿ ಬರುತ್ತಿದ್ದಳು, ಮೂರು ವರ್ಷದಿಂದ. ಇನ್ನು ದೇವರ ನೀರು ಹಾಕಬೇಡಿ ಎಂದು ಅತ್ತೆಗೆ ಹೇಳುವುದು ಹೇಗೆ? ಬಸ್ಸಿನಲ್ಲಿ ಗೂಳಿಯಂಥವರನ್ನು ಇಳಿಸಿದ ಮಲ್ಲಿಕಾ ಎರಡು ದಿನ ಕೊಳೆತ ಗಿಡವನ್ನು ಮಾಳಿಗೆಯ ಮೂಲೆಯಲ್ಲಿ ಬಚ್ಚಿಟ್ಟಳು.

ಮೂರನೆಯ ದಿನ ಕೊಳೆತ ಗಿಡವನ್ನು ಅತ್ತೆಯ ಮುಂದಿಟ್ಟು, ಟೀಚರ್ ಹೇಳಿದ್ದನ್ನು ತಡವರಿಸುತ್ತ ಒಪ್ಪಿಸಿದಳು. ಶಂಕ್ರಮ್ಮನ ಮುಖ ಬಿಳಿಚಿತು.

"ನಾನೇ ಕೊಂದೆನೇನು ಹಂಗಾರ?"

"ಹಂಗಲ್ರೀ ಅತ್ತಿ..."

"ಹೂ ಬಿಡ್ಲಿ ಅಂತ ಹಾಕಿದೆನಲ್ಲೇ ಯವ್ವಾ! ಡ್ಯೂಟಿ ಮುಗಿಸಿ ಬಂದು ದಿನಾ ಅದರ ಮುಂದ ಕುಂದರ್ತೀ. ನೋಡೀ ನೋಡೀ ಖಾಲಿ ಕೈಲೆ ಇಳದು ಬರ್ತೀ. ನನಗ ನೋಡಾಕ ಆಗ್ತಿದ್ದಿಲ್ಲ. ದೇವರ ನೀರು ಬಿದ್ರ ಬಿಟ್ಟೀತು ಅಂತ..." ಮುದುಕಿ ಸೆರಗಿನಿಂದ ಕಣ್ಣು ಒತ್ತಿಕೊಂಡಳು.

"ಮತ್ತ ಕಸದ ಗಾಡಿಗೆ ಹಾಕ್ತೀನಿ ಅಂದಿರಿ?"

"ಅಂದೆ. ಮಾತು ಬ್ಯಾರೆ, ಮನಸ್ಸು ಬ್ಯಾರೆ. ಆದ್ರ ಆಡಿದ ಮಾತು ಆಡಿದ್ದೇ. ಉಗಾದಿ ಅಂದ್ರ ಉಗಾದಿ!"

ಛಲಗಾರ್ತಿ ಎಂದರೆ ಛಲಗಾರ್ತಿ! ಮಲ್ಲಿಕಾಳಿಗೆ ಅಳು ನಗು ಎರಡೂ ಬಂದವು. ಮರುದಿನ ಕಮಲಾಪುರದಲ್ಲಿ ಬಸ್ಸು ನಿಂತಾಗ ಅಲ್ಲಿನ ಬಾಳೆತೋಟದ ರೈತ ಭಾಗಪ್ಪನಿಗೆ ಹೇಳಿ ಕೆಂಪು ಬಾಳೆಯ ಒಂದು ಕಂದು ತರಿಸಿಕೊಂಡಳು. ಐತ್ವಾರ ಮೌನೇಶ ಅಂಗಳದ ಮೂಲೆಯ ಎರಡು ಪರಸಿ ಎಬ್ಬಿಸಿ ಗುಂಡಿ ತೋಡಿದ. ಬಾಳೆಗೆ ಎಷ್ಟು ನೀರಿದ್ದರೂ ಸಾಲದು. ಶಂಕ್ರಮ್ಮನ ಪೂಜೆಯ ನೀರು ಅಂದಿನಿಂದ ಅದರ ಬುಡಕ್ಕೆ ಬಿತ್ತು, ಮೊಣಕಾಲಿಗೂ ಮೆಟ್ಟಿಲು ತಪ್ಪಿತು.

ಮಾಳಿಗೆಯ ಮೇಲೆ ಉಪವಾಸ ಶುರುವಾಯಿತು. ಮಲ್ಲಿಕಾ ಮಣ್ಣು ಬದಲಿಸಿ ದಪ್ಪ ಮರಳು, ಇಟ್ಟಂಗಿ ಚೂರು ಬೆರೆಸಿದಳು. ಗಿಡಗಳು ಸೊರಗಿ ಸುಕ್ಕುಗಟ್ಟಿದವು. ನೀರಿನ ತಂಬಿಗೆ ಎಷ್ಟು ಸಲ ಕೈಗೆತ್ತಿಕೊಂಡಳೋ, ಅಷ್ಟೇ ಸಲ ಕೆಳಗಿಟ್ಟಳು. ಶಿವರಾತ್ರಿ ಕಳೆದು ಬಿಸಿಲು ಏರುವಾಗ ಮೊದಲ ನೀರು ಕೊಟ್ಟಳು. ಹತ್ತು ದಿನ ಏನೂ ಇಲ್ಲ. ಹನ್ನೊಂದನೆಯ ದಿನ, ಮೊದಲನೇ ಗಿಡದ ನೆತ್ತಿಯ ಪಕ್ಕ, ಮುಳ್ಳುಗಳ ನಡುವೆ ಹೆಸರುಕಾಳಿನಷ್ಟು ನುಣ್ಣನೆಯ ಗಂಟು. ಅವಳು ಮಾಳಿಗೆಯಿಂದ ಕೂಗಿದ ಕೂಗಿಗೆ ಪಕ್ಕದ ಮನೆಯವರೂ ಓಡಿಬಂದರು.

ಮೊಗ್ಗು ಬಲಿತದ್ದು ಉಗಾದಿಗೆ ನಾಲ್ಕು ದಿನ ಇರುವಾಗ. ಅಂದು ಮಲ್ಲಿಕಾಳಿಗೆ ವಾರದ ರಜೆ. ಶಂಕ್ರಮ್ಮ ಆರಕ್ಕೇ ಸ್ನಾನ ಮುಗಿಸಿ, ಸೊಸೆಯ ಕೈ ಹಿಡಿದು ಮಾಳಿಗೆ ಹತ್ತಿದಳು. ಮೊಗ್ಗು ಇನ್ನೂ ಬಿಗಿಯಾಗಿತ್ತು.

"ಬಿಸಿಲು ಬಿದ್ದ ಮ್ಯಾಲ ಬಿಚ್ತದಂತ್ರೀ ಅತ್ತಿ. ಹನ್ನೊಂದು ಆಗಬಹುದು. ನೀವು ಪೂಜಿ ಮುಗಿಸಿ ಚಹಾ ಕುಡೀರಿ."

"ಹನ್ನೊಂದಕ್ಕೇ ಮಾಡ್ತೀನಿ," ಎಂದು ಮುದುಕಿ ನೆರಳಿಗೆ ಚಾಪೆ ಹಾಸಿಕೊಂಡು ಕೂತಳು.

ಮಲ್ಲಿಕಾಳ ಸಂಕಟವೇ ಬೇರೆ. ಗಿಡದಲ್ಲಿ ಬಿಟ್ಟರೆ ಆ ಹೂ ಐದಾರು ದಿನ ಇರುತ್ತದೆ, ಕಿತ್ತರೆ ಗಂಟೆಯೊಳಗೆ ಬಾಡುತ್ತದೆ ಎಂದು ಟೀಚರ್ ಹೇಳಿದ್ದಳು. ಮೂರು ವರ್ಷ ಕಾದ ಹೂ. ಆದರೂ ಮಾತಿಗೆ ತಪ್ಪುವ ಪೈಕಿ ಅವಳಲ್ಲ, ಕೆಳಗೆ ಹೋಗಿ ಸಣ್ಣ ಕತ್ತರಿ ತೊಳೆದು ತಂದಳು.

ಹತ್ತೂವರೆಗೆ ತುದಿ ಸಡಿಲವಾಯಿತು. ಹನ್ನೊಂದಕ್ಕೆ ಎಸಳುಗಳು ಒಂದೊಂದಾಗಿ ಹಿಂದೆ ಬಾಗಿ ಗುಲಾಬಿ ಹೂ ಪೂರ್ತಿ ಅರಳಿತು. ಮಲ್ಲಿಕಾ ಕತ್ತರಿ ಎತ್ತಿಕೊಂಡಳು.

"ಕತ್ತರಿ ಯಾಕ?"

"ಮೊದಲನೇ ಹೂ ಲಿಂಗಕ್ಕ ಅಂತ ಮಾತಾಗ್ಯದಲ್ರೀ ಅತ್ತಿ."

"ಲಿಂಗಕ್ಕ ಅಂದೀನಿ, ಕಿತ್ತು ಕೊಡು ಅಂದೀನೇನು? ಅದು ಬರ್ಲಾಕ ಆಗಲಿಲ್ಲಂದ್ರ ನಾ ಲಿಂಗಾನೇ ಅದರ ಕಡಿ ಒಯ್ತೀನಿ. ನನ್ನ ದೇವರು ನನ್ನ ಕೊಳ್ಳಾಗೇ ಅದಾನ."

ಶಂಕ್ರಮ್ಮ ಕೊರಳಿನ ಬೆಳ್ಳಿ ಕರಡಿಗೆ ಬಿಚ್ಚಿ, ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು, ವಿಭೂತಿ ಹಚ್ಚಿ, ಕುಂಡದ ಮೇಲೆ ಬಗ್ಗಿದಳು. ಅಂಗೈಯನ್ನು ಹೂವಿನ ಬಳಿ ಮೆಲ್ಲಗೆ ತಂದಳು. ಎಸಳು ಲಿಂಗಕ್ಕೆ ತಾಗಿತು. ಮುಳ್ಳು ಕೈಗೆ ಚುಚ್ಚಿದಾಗ "ಸ್" ಎಂದಳು, ಕೈ ಮಾತ್ರ ಹಿಂದಕ್ಕೆ ತೆಗೆಯಲಿಲ್ಲ. ಮಲ್ಲಿಕಾ ಅಲ್ಲೇ ನೆಲದ ಮೇಲೆ ಕೂತು ಜೋರಾಗಿ ಅತ್ತುಬಿಟ್ಟಳು.

ಹೂ ಐದು ದಿನ ಇತ್ತು, ಸಂಜೆ ಮುಚ್ಚುವುದು, ಮರುದಿನ ಬಿಸಿಲೇರಿದ ಮೇಲೆ ಮತ್ತೆ ಬಿಚ್ಚುವುದು. ಐದೂ ದಿನ ಶಂಕ್ರಮ್ಮ ಹನ್ನೊಂದು ಗಂಟೆಯವರೆಗೆ ಚಹಾ ಕುಡಿಯಲಿಲ್ಲ.