ಚಿಪ್‌ನಲ್ಲಿ ಕನ್ನಡಕ್ಕೂ ಜಾಗ ಸಿಕ್ಕಿತು

ಬುಧವಾರ ಮಧ್ಯಾಹ್ನ, ರಾಣೆಬೆನ್ನೂರಿನಲ್ಲಿ ಗೆಳೆಯ ಈರಣ್ಣನ ಟಿವಿ ರಿಪೇರಿ ಅಂಗಡಿ. ನಮ್ಮ ಪ್ರೋಗ್ರಾಂ ಚಿಪ್‌ನೊಳಗೆ ಹಿಡಿಸಲಿಲ್ಲ. ಜಾಗ ಇಲ್ಲ ಎಂದು ಕಂಪ್ಯೂಟರ್ ಒಂದೇ ಸಾಲಿನಲ್ಲಿ ಹೇಳಿಬಿಟ್ಟಿತು...

ನಾವಿಬ್ಬರೂ ಮಾಡುತ್ತಿರುವುದು ಮೆಣಸಿನಕಾಯಿಯ ತೇವ ಅಳೆಯುವ ಪುಟ್ಟ ಮೀಟರ್. ಬ್ಯಾಡಗಿ ಮಾರ್ಕೆಟ್ಟಿನಲ್ಲಿ ಖರೀದಿದಾರರು ಕಾಯಿ ಹಿಚುಕಿ, ಕಿವಿಯ ಹತ್ತಿರ ಅಲ್ಲಾಡಿಸಿ, ಬೀಜದ ಸದ್ದು ಕೇಳಿ ‘ಹಸಿ’ ಎಂದರೆ ರೈತರ ಬಾಯಿ ಬಂದ್. ಅವರ ಕೈಯಲ್ಲೂ ಒಂದು ಅಳತೆ ಇರಲಿ ಎಂಬುದು ನನ್ನ ಹಟ.

ಮರುದಿನವೇ ಮೆಣಸಿನಕಾಯಿ ಬೆಳೆಯುವ ನನ್ನ ಚಿಕ್ಕಮ್ಮ, ಚಿಗವ್ವ ನೀಲವ್ವ, ಅದನ್ನು ಮಾರ್ಕೆಟ್ಟಿಗೆ ಒಯ್ಯುವವಳಿದ್ದಳು. ಅವಳು ಓದಬಲ್ಲದ್ದು ಕನ್ನಡ ಮಾತ್ರ.

ಜಾಗ ತಿಂದದ್ದೂ ಕನ್ನಡವೇ. ಮೀಟರಿನ ಪುಟ್ಟ ಪರದೆಗೆ ನಮ್ಮ ಅಕ್ಷರ ಗೊತ್ತಿಲ್ಲ. ಪ್ರತಿ ಅಕ್ಷರದ, ಒತ್ತಕ್ಷರದ ಚಿತ್ರವನ್ನೂ ನಾವೇ ಒಳಗೆ ಇಡಬೇಕು.

“ಇಂಗ್ಲಿಷ್ ಹಾಕಿ ಮುಗಸಲೇ,” ಎಂದ ಈರಣ್ಣ. “ನಿನ್ನ ಕನ್ನಡಾನ ನವೆಂಬರ್‌ದಾಗ ಮೆರವಣಿಗಿ ಮಾಡೋಣಂತ.”

“ನಮ್ಮ ಚಿಗವ್ವಗ ನೀ ಬಂದು ಓದಿ ಹೇಳ್ತಿಯೇನು?”

ರೈತರಿಗೆ ಓದಲು ಬಾರದ ಅಳತೆ ಮತ್ತೆ ಇನ್ನೊಬ್ಬರ ಕೈಯ ಆಯುಧವೇ. ನಾನು ಬಿಡಲಿಲ್ಲ.

ಮುಕ್ತ ತಂತ್ರಾಂಶದವರು ಹಂಚಿದ್ದ ಕಿರುಹೊತ್ತಿಗೆಯೊಂದರಲ್ಲಿ ಓದಿದ್ದ ಲಿಂಕ್ ಟೈಮ್ ಆಪ್ಟಿಮೈಸೇಶನ್ ಆಗ ನೆನಪಾಯಿತು.

ಪ್ರೋಗ್ರಾಂ ಹಲವು ಫೈಲುಗಳಲ್ಲಿರುತ್ತದೆ. ಅವನ್ನು ಚಿಪ್‌ನ ಭಾಷೆಗೆ ತಿರುಗಿಸುವ ಕಂಪೈಲರ್ ಒಂದೊಂದನ್ನೇ ನೋಡುತ್ತದೆ, ಬೇರೆ ಫೈಲಿಗೆ ಬೇಕಾದೀತೆಂದು ಎಲ್ಲವನ್ನೂ ಉಳಿಸುತ್ತದೆ. ಒಂದೇ ಮದುವೆಗೆ ನಾಲ್ಕು ಮನೆಯವರು ಒಬ್ಬರನ್ನೊಬ್ಬರು ಕೇಳದೆ ಪೂರ್ತಿ ಅಡುಗೆ ಮಾಡಿದ ಹಾಗೆ.

ಆದರೆ ಕೊನೆಗೆ ಜೋಡಿಸುವಾಗ ಎಲ್ಲವನ್ನೂ ಒಟ್ಟಿಗೆ ಬಿಚ್ಚಿ ನೋಡು ಎನ್ನಬಹುದು. ಆಗ ಯಾರೂ ಕರೆಯದ ಫಂಕ್ಷನ್ನುಗಳು, ಅಂದರೆ ಬಳಕೆಗೆ ಬಾರದ ಕೋಡಿನ ತುಣುಕುಗಳು, ಹೊರಗೆ. ಚಿಕ್ಕವು ತಮ್ಮನ್ನು ಕರೆದವರಲ್ಲೇ ಕರಗುತ್ತವೆ.

ಪ್ರೋಗ್ರಾಂ ಜೋಡಿಸುವ ಬಿಲ್ಡ್ ಕಮಾಂಡಿಗೆ ಒಂದು ಸಣ್ಣ ಪದ ಸೇರಿಸಿ ಎಂಟರ್ ಒತ್ತಿದೆ.

ಹಿಡಿಸಿತು. ಒಂದೇ ಒಂದು ಕನ್ನಡ ಅಕ್ಷರವನ್ನೂ ಕೀಳದೆ ಹಿಡಿಸಿತು.

“ಮಗನ, ಇದನ್ ಇಷ್ಟ ದಿನ ಯಾಕ ಬಚ್ಚಿಟ್ಟಿದ್ದಿ?” ಈರಣ್ಣ ಬೆನ್ನಿಗೊಂದು ಗುದ್ದಿದ. ಅಳತೆಗಳನ್ನೆಲ್ಲ ಮತ್ತೊಮ್ಮೆ ಪರೀಕ್ಷಿಸಿದೆವು. ಸರಿಯಾಗಿದ್ದವು.

ಗುರುವಾರ, ಬ್ಯಾಡಗಿ. ಖರೀದಿದಾರನೊಬ್ಬ ಚಿಗವ್ವನ ರಾಶಿಯಿಂದ ಕಾಯಿ ಎತ್ತಿ ಹಿಚುಕುತ್ತಾನೆ. “ಹಸಿ ಅದಾವ ಬೇ.”

ಚಿಗವ್ವ ಅದೇ ರಾಶಿಯ ಕಾಯಿಗಳನ್ನು ಮೀಟರಿಗೆ ತುಂಬುತ್ತಾಳೆ. ಪರದೆಯ ಮೇಲೆ ಬಂದದ್ದನ್ನು ಸುತ್ತಲಿನವರಿಗೆಲ್ಲ ಕೇಳುವಂತೆ ಓದುತ್ತಾಳೆ: ‘ಚೆನ್ನಾಗಿ ಒಣಗಿದೆ.’

ಆಮೇಲೆ ಮೀಟರನ್ನು ಅವನ ಕಡೆ ತಿರುಗಿಸುತ್ತಾಳೆ. “ನೀವೂ ಓದ್ರಿ ಸಾವಕಾರ್ರ. ಕನ್ನಡದಾಗ ಐತಿ.”

ಅವನು ಓದಿದ. ಇನ್ನೊಂದು ಕಾಯಿ ಎತ್ತಿದ, ಅಲ್ಲಾಡಿಸಿದ... ‘ಹಸಿ’ ಎಂಬ ಮಾತು ಮತ್ತೆ ಬರಲಿಲ್ಲ.

ನಿಮ್ಮೂರಿನ ಯಂತ್ರಗಳು ಹೇಳುವುದನ್ನು ಅವುಗಳ ಮುಂದೆ ನಿಂತವರು ತಾವೇ ಓದಬಲ್ಲರೇ?