ಟವೆಲ್ ಹೊದಿಸಿದ ಪರದೆ

ನಮ್ಮ ಭಾಗದ ಶಾಲೆಗಳಲ್ಲಿ ಗಣಕಯಂತ್ರದ ಮಾತು ಬಂದಾಗಲೆಲ್ಲ ಎಷ್ಟು ಯಂತ್ರ ಬಂದವು, ಯಾರು ಉದ್ಘಾಟಿಸಿದರು ಎಂದು ಹೇಳುವವರಿಗೆ ಬರವಿಲ್ಲ. ಆ ಯಂತ್ರದೆದುರು ಕುಳಿತ ಮಗುವಿಗೆ ಪಾಠ ತಲುಪಿತೇ ಎಂದು ಕೇಳಿ, ಕೇಳಿದ್ದಕ್ಕಾಗಿಯೇ ಹಲವರಿಗೆ ಬೇಡವಾದವರು ಶ್ರೀಮತಿ ನೀಲಾಂಬಿಕಾ ಅವರು. ಹಾನಗಲ್ಲಿನಲ್ಲಿ ಸಮಾಜ ವಿಜ್ಞಾನದ ಶಿಕ್ಷಕಿಯಾಗಿ ಸೇವೆ ಆರಂಭಿಸಿ, ಸವಣೂರು, ಶಿಗ್ಗಾವಿಗಳಲ್ಲಿ ದುಡಿದು, ಹಿರೇಕೆರೂರಿನಲ್ಲಿ ಕಳೆದ ಮೇ ತಿಂಗಳು ನಿವೃತ್ತರಾದ ಅವರು ಮಕ್ಕಳೆಲ್ಲರ ಬಾಯಲ್ಲಿ ಬರೀ ‘ಅಕ್ಕೋರು’. ಇಂಥ ಅಭಿನಂದನ ಗ್ರಂಥದಲ್ಲಿ ಸಂತೋಷದ ಮಾತೇ ಇರಬೇಕೆಂಬುದು ವಾಡಿಕೆ. ಆದರೆ ಅಕ್ಕೋರ ಮನಸ್ಸು ಈಗ ಸಂತೋಷದಲ್ಲಿಲ್ಲ, ಅದನ್ನು ಮುಚ್ಚಿಟ್ಟು ಹಾರ ಹಾಕುವುದು ಅವರಿಗೆ ಸಲ್ಲುವ ಗೌರವವೂ ಅಲ್ಲ.

ಸವಣೂರಿನಲ್ಲಿ ಅವರ ತರಗತಿಗೆ ಗೌಹರ ಎಂಬ ಕಣ್ಣು ಕಾಣದ ಹುಡುಗಿ ಬರುತ್ತಿದ್ದಳು. ಪರದೆಯ ಮೇಲಿನ ಅಕ್ಷರವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶವನ್ನು ಅಕ್ಕೋರು ತಾವೇ ಕಲಿತು ಅವಳಿಗೆ ಕಲಿಸಿದರು, ಹುಡುಗಿ ಮುಂದಿನ ಬೆಂಚಿಗೆ ಬಂದಳು. ಒಂದು ಬೇಸಿಗೆ ರಜೆಯಲ್ಲಿ ಯಾರೋ ಬಂದು ಯಂತ್ರಗಳ ಬ್ರೌಸರ್ ಬದಲಿಸಿ ಹೋದರು. ಹೊಸದು ನೋಡಲು ಚೆಂದ, ಓದುವ ತಂತ್ರಾಂಶಕ್ಕೆ ಮಾತ್ರ ಒಗ್ಗಲಿಲ್ಲ. ಗೌಹರ ದೂರಲಿಲ್ಲ. ಅಕ್ಕೋರು ಕೇಳಿದಾಗಲೆಲ್ಲ, “ಹ್ಞೂಂರೀ, ಛಲೋ ಕೇಳತೈತ್ರಿ,” ಎನ್ನುತ್ತಿದ್ದಳು. ದಸರೆಯ ಹೊತ್ತಿಗೆ ಶಾಲೆ ಬಿಟ್ಟಳು. ಹುಡುಕಿಕೊಂಡು ಮನೆಗೆ ಹೋದ ಅಕ್ಕೋರಿಗೆ ಅವಳ ತಾಯಿ ಹಮೀದುನ್ನೀಸಾ ಚಹಾ ಕೊಟ್ಟು ಮೆಲ್ಲಗೆ ಹೇಳಿದರು: “ಅಕಿಗೆ ಏನೂ ಕೇಳ್ತಿರಲಿಲ್ಲಂತ್ರಿ. ನೀವು ಬ್ಯಾಸರ ಮಾಡ್ಕೋತೀರಿ ಅಂತ ಸುಮ್ನ ಇದ್ಳು.” ಗೌಹರ ಮತ್ತೆ ಶಾಲೆಗೆ ಬರಲಿಲ್ಲ. ಆ ಚಹಾದ ರುಚಿ ಇವತ್ತಿಗೂ ಬಾಯಿ ಬಿಟ್ಟು ಹೋಗಿಲ್ಲವೆಂದು ಅಕ್ಕೋರು ಹೇಳುವುದುಂಟು.

ಅಂದಿನಿಂದ ಹುಟ್ಟಿದ್ದೇ ಟವೆಲ್ಲಿನ ಪದ್ಧತಿ. ಶಿಗ್ಗಾವಿಗೆ ವರ್ಗವಾದ ಮೇಲೆ ಯಾವ ಬ್ರೌಸರ್, ಯಾವ ಪಾಠದ ಆ್ಯಪ್ ಬಂದರೂ ಅಕ್ಕೋರು ಪರದೆಗೆ ಟವೆಲ್ ಹೊದಿಸಿ, ಮೌಸ್ ಕಿತ್ತಿಟ್ಟು, ಶಿಕ್ಷಕರನ್ನೇ ಅದರೆದುರು ಕೂರಿಸುತ್ತಿದ್ದರು. ಕಿವಿಯನ್ನಷ್ಟೇ ನಂಬಿ, ಕೀಲಿಮಣೆಯಿಂದಲೇ ಪಾಠ ತೆರೆಯಬೇಕು. ತೆರೆದರೆ ಅದು ತರಗತಿಗೆ, ಇಲ್ಲವಾದರೆ ಹೊರಗೆ. ಅಕ್ಷರ ಹಿಗ್ಗಿಸಿದರೆ ಸಾಲು ಚದುರಬಾರದು, ಜಾಹೀರಾತು ಬದಿಗಿಟ್ಟು ಪಾಠವನ್ನಷ್ಟೇ ಓದಬೇಕು, ಇಂಟರ್ನೆಟ್ ಕೈಕೊಟ್ಟರೂ ಪಾಠ ನಿಲ್ಲಬಾರದು. “ಮದುವಿಗೆ ಹೆಣ್ಣು ನೋಡಿದಂಗ ನೋಡ್ತೀರಲ್ರಿ,” ಎಂದು ಸಹೋದ್ಯೋಗಿಗಳು ಕಾಲೆಳೆದರೆ, “ನೋಡಾಕ ಟವೆಲ್ ಬಿಟ್ಟೈತೇನ್ರಿ? ಕೇಳಿ ಹೇಳ್ರಿ,” ಎಂದು ಅವರನ್ನೇ ಕುರ್ಚಿಗೆ ತಳ್ಳುತ್ತಿದ್ದರು. ಅಂಥ ಕಾಟವನ್ನು ಅವರ ಜೊತೆ ದುಡಿದ ನಾವೂ ಉಂಡಿದ್ದೇವೆ.

ಹಿರೇಕೆರೂರಿನಲ್ಲಿ ಆ ಕಾಟದ ಫಲ ಉಂಡವಳು ಅಬಲೂರಿನ ಮಂಜವ್ವನ ಮಗಳು ಹೇಮಾ. ಅವಳಿಗೂ ಕಣ್ಣಿಲ್ಲ. ಅಕ್ಕೋರು ಆರಿಸಿಟ್ಟ ಹಳೆಯ ಯಂತ್ರದಲ್ಲಿ ಇತಿಹಾಸದ ಪಾಠ ಕೇಳಿ ತರಗತಿಗೆಲ್ಲ ಕಥೆ ಮಾಡಿ ಹೇಳುತ್ತಿದ್ದಳು. ಅಕ್ಕೋರ ನಿವೃತ್ತಿಗೆ ಸ್ವಲ್ಪ ಮೊದಲು ದಾನಿಗಳೊಬ್ಬರು ಹೊಸ ಯಂತ್ರಗಳನ್ನು ಕೊಟ್ಟರು. ಟವೆಲ್ ಹೊದಿಸಿದರೆ ಅವು “ಬಟನ್, ಬಟನ್, ಬಟನ್” ಎಂದವೇ ಹೊರತು ಪಾಠದ ಒಂದಕ್ಷರ ನುಡಿಯಲಿಲ್ಲ. ಮುಖ್ಯೋಪಾಧ್ಯಾಯ ಕುಬೇರಪ್ಪನವರು ಕೆಟ್ಟವರಲ್ಲ. “ಕೊಟ್ಟಿದ್ದನ್ನ ಬ್ಯಾಡ ಅಂದ್ರ ನಾಳೆ ಯಾರ್ ಕೊಡ್ತಾರ್ರಿ, ಅಕ್ಕೋರ?” ಎಂದರು. ಹೇಮಾಗೆಂದು ಹಳೆಯದೊಂದನ್ನು ಮೂಲೆಯಲ್ಲಿ ಬಿಡುತ್ತೇವೆಂದು ಮಾತನ್ನೂ ಕೊಟ್ಟರು. ಜೂನಿನಲ್ಲಿ ಹೊಸ ಮೇಜು ಬಂದವು, ಮೂಲೆ ಉಳಿಯಲಿಲ್ಲ. ಹಳೆಯ ಯಂತ್ರ ಕಟ್ಟಿಗೆ ಕೋಣೆ ಸೇರಿತು, ಹೇಮಾ ಮನೆ ಸೇರಿದಳು.

ಈ ಗ್ರಂಥದ ಸಮಿತಿಯವರು ಒಪ್ಪಿಗೆ ಕೇಳಲು ಹೋದಾಗ ಅಕ್ಕೋರು ಇಟ್ಟ ಕರಾರು ಒಂದೇ: ಹೇಮಾ ತಾನೇ ಕೇಳಿಸಿಕೊಳ್ಳಬಲ್ಲ ಒಂದು ಪ್ರತಿ ಮಾಡಬೇಕು. ತಮ್ಮ ಹೊಗಳಿಕೆ ಕೇಳಿಸಲಿಕ್ಕಲ್ಲ, ಕಣ್ಣಿಲ್ಲದವರೂ ಪುಸ್ತಕ ಓದುತ್ತಾರೆಂದು ಅವಳಿಗೆ ನೆನಪಾಗಲಿ, ಅದೇ ನೆಪದಲ್ಲಿ ಶಾಲೆಗೆ ಮರಳಲಿ ಎಂದು. ಸಮಿತಿ ಒಪ್ಪಿತು. ಕರಡು ಪ್ರತಿಯ ಪೆನ್ ಡ್ರೈವನ್ನೂ ತಮ್ಮ ಲ್ಯಾಪ್‌ಟಾಪನ್ನೂ ಹಿಡಿದು, ಸಮಿತಿಯ ಮಾತು ನಂಬಿ ತಾವು ಮೊದಲು ಕೇಳಿ ನೋಡಲೂ ನಿಲ್ಲದೆ, ಅಕ್ಕೋರು ಅಬಲೂರಿನ ಬಸ್ಸು ಹತ್ತಿದರು.

ಮಂಜವ್ವ ಚಾಪೆ ಹಾಸಿದಳು. “ಸಾಲಿಗೆ ಹೋಗಿ ಸುಮ್ನ ಕೂಡೂದಕ್ಕಿಂತ ಮನ್ಯಾಗ ಕುಂತ್ರ ಏನಾತು ಅಂತಾಳ್ರಿ,” ಎಂದಳು. ಹೇಮಾ ಲ್ಯಾಪ್‌ಟಾಪಿನ ತಂತಿಯನ್ನು ಕಿವಿಗೆ ಸಿಕ್ಕಿಸಿಕೊಂಡು ಬಹಳ ಹೊತ್ತು ಅಲುಗಾಡದೆ ಕೇಳಿದಳು. ಆಮೇಲೆ ಮೆಲ್ಲಗೆ, “ಛಲೋ ಐತ್ರಿ, ಅಕ್ಕೋರ,” ಎಂದಳು.

ಆ ದನಿ ಅಕ್ಕೋರಿಗೆ ಗೌಹರಳಿಂದಲೇ ಗುರುತಿನದು. ತಂತಿ ತೆಗೆದು ತಮ್ಮ ಕಿವಿಗಿಟ್ಟುಕೊಂಡರು. ಕನ್ನಡವಿರಲಿಲ್ಲ. ಮುದ್ರಣಕ್ಕೆಂದು ನಾವೆಲ್ಲ ರೂಢಿಯಂತೆ ಹಳೆಯ ಫಾಂಟಿನಲ್ಲಿ ಬರೆದಿದ್ದೆವು. ಕಣ್ಣಿಗೆ ಅದು ಮುತ್ತಿನಂಥ ಕನ್ನಡ, ಓದುವ ಯಂತ್ರಕ್ಕೆ ತಲೆಬುಡವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಅಕ್ಕೋರ ಗುಣಗಾನ ಮಾಡಿದ ಇಷ್ಟು ಜನರಲ್ಲಿ ಒಬ್ಬರೂ ಪರದೆಗೆ ಟವೆಲ್ ಹೊದಿಸಿ ನೋಡಿರಲಿಲ್ಲ. ಅಕ್ಕೋರು ಹೇಮಾಳ ಕೈ ಹಿಡಿದು, “ಛಲೋ ಇಲ್ಲವ್ವ. ಇಲ್ಲ ಅಂದ್ರ ಇಲ್ಲ ಅನ್ನಬೇಕು,” ಎಂದರು. ಕಡೆಯ ಬಸ್ಸಿಗೆ ಅವರು ಹಿರೇಕೆರೂರಿಗೆ ಮರಳಿದರು. ಸಮಿತಿಯವರಿಗೆ ನಡೆದದ್ದನ್ನಷ್ಟೇ ಹೇಳಿದರು, ಬೈದಿದ್ದರೆ ನಮಗೆ ಹಗುರಾಗುತ್ತಿತ್ತು.

ಗ್ರಂಥವನ್ನೆಲ್ಲ ಯಂತ್ರ ಓದುವ ಯುನಿಕೋಡಿಗೆ ತರಲು ಈಗ ಹೊತ್ತಿಲ್ಲವೆನ್ನುತ್ತಾರೆ. ಈ ಲೇಖನವೊಂದನ್ನು ಹಾಗೆ ಬರೆದು, ಟವೆಲ್ ಹೊದಿಸಿ, ಕೊನೆಯ ಸಾಲಿನವರೆಗೆ ಕೇಳಿ ನೋಡಿದ್ದಾಗಿದೆ. ಅಕ್ಕೋರಿಗೆ ದೀರ್ಘಾಯುಷ್ಯವಿರಲಿ, ಅವರ ಕಾಟ ನಮ್ಮ ಶಾಲೆಗಳಿಗೆ ಇನ್ನೂ ಬಹುಕಾಲ ಇರಲಿ. ಹೇಮಾ, ಇದು ನಿನಗೆ ಕೇಳುತ್ತಿದ್ದರೆ ಅಕ್ಕೋರಿಗೆ ಒಂದು ಫೋನು ಮಾಡವ್ವ. ಕೇಳದಿದ್ದರೂ ಮಾಡು.